ಬಲೂನು ಒಡೆದು ತಂದ ಹಾಗಿಯಾ ಸೋಫಿಯಾ

ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ಕಟ್ಟಿ ಮುಗಿದದ್ದು ಕ್ರಿ.ಶ. 537ರಲ್ಲಿ. ಚರ್ಚಾಗಿದ್ದ ಅದು 1453ರಲ್ಲಿ ಮಸೀದಿಯಾಯಿತು, ಕಳೆದ ಶತಮಾನದಲ್ಲಿ ಮ್ಯೂಸಿಯಂ ಆಯಿತು. ಮ್ಯೂಸಿಯಂ ಆಗಿದ್ದಾಗ ಒಳಗೆ ಹಾಡುವಂತಿರಲಿಲ್ಲ. ಬಲೂನು ಒಡೆಯಲು ಮಾತ್ರ ಒಪ್ಪಿಗೆ ಸಿಕ್ಕಿತು! ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಲಾ ಇತಿಹಾಸಜ್ಞೆ ಬಿಸ್ಸೆರಾ ಪೆಂಚೇವಾ 2010ರಲ್ಲಿ ಅಲ್ಲಿ ಕೆಲವು ಬಲೂನು ಒಡೆಸಿ, ಸದ್ದನ್ನು ರೆಕಾರ್ಡ್ ಮಾಡಿಕೊಂಡರು. ‘ಟಪ್’ ಎಂದದ್ದು ಒಂದು ಕ್ಷಣ. ಅದರ ಅನುರಣನ ಸುಮಾರು 11 ಸೆಕೆಂಡು.

ಗೋಳಗುಮ್ಮಟದಲ್ಲಿ ಬಿಡಿಬಿಡಿಯಾಗಿ ಮರಳುವ ಪ್ರತಿಧ್ವನಿಯಂಥದಲ್ಲ ಇದು. ಸಾವಿರಾರು ಪ್ರತಿಫಲನಗಳು ಒಂದರೊಳಗೊಂದು ಬೆರೆತು ಹರಿಯುತ್ತವೆ. ಗುಮ್ಮಟ, ಅಮೃತಶಿಲೆಯ ಗೋಡೆ, ನೆಲ ಎಲ್ಲವೂ ಸದ್ದನ್ನು ಎಷ್ಟು ತಡವಾಗಿ, ಎಷ್ಟು ಕುಗ್ಗಿಸಿ ಹಿಂದಿರುಗಿಸುತ್ತವೆ ಎಂಬುದೆಲ್ಲ ಆ ರೆಕಾರ್ಡಿಂಗ್‌ನಲ್ಲೇ ಅಡಗಿರುತ್ತದೆ. ಇದೇ ಇಂಪಲ್ಸ್ ರೆಸ್ಪಾನ್ಸ್.

ಡಿಜಿಟಲ್ ರೆಕಾರ್ಡಿಂಗ್‌ನಲ್ಲಿ ಹಾಡೆಂದರೆ ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಂಕಿಗಳ ಸಾಲು. ಒಂದೊಂದು ಅಂಕಿಯೂ ಒಂದೊಂದು ಪುಟ್ಟ ಬಲೂನು ಎಂದುಕೊಳ್ಳಿ. ಪ್ರತಿಯೊಂದಕ್ಕೂ ಅದರ ಗಾತ್ರಕ್ಕೆ ತಕ್ಕಷ್ಟು ಜೋರಾಗಿ 11 ಸೆಕೆಂಡಿನ ಅನುರಣನ ಅಂಟಿಸಿ, ಎಲ್ಲವನ್ನೂ ಕೂಡಿಸಿದರೆ ಎಲ್ಲೋ ಹಾಡಿದ ಹಾಡು ಹಾಗಿಯಾ ಸೋಫಿಯಾದೊಳಗೆ ಹಾಡಿದಂತೆ ಕೇಳುತ್ತದೆ. ಈ ಗಣಿತವೇ ಕನ್ವಲ್ಯೂಷನ್.

ಹೇಳಲು ಸುಲಭ. ಹೀಗೇ ನೇರವಾಗಿ ಗುಣಿಸುತ್ತ ಕೂತರೆ ಒಂದು ಸೆಕೆಂಡಿನ ಹಾಡಿಗೆ 2,100 ಕೋಟಿಗೂ ಹೆಚ್ಚು ಗುಣಾಕಾರ ಬೇಕು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಫಾಸ್ಟ್ ಫೊರಿಯರ್ ಟ್ರಾನ್ಸ್‌ಫಾರ್ಮ್ ಈ ಹೊರೆಯನ್ನು ವಿಪರೀತ ಇಳಿಸಿತು. ಆದರೆ ಅದಕ್ಕೆ ಅಂಕಿಗಳು ಕಂತೆಕಂತೆಯಾಗಿ ಬೇಕು, ಹಾಡುತ್ತಲೇ ಅನುರಣನ ಕೇಳಬಯಸುವ ಗಾಯಕರು ಕಂತೆ ತುಂಬುವವರೆಗೆ ಕಾಯಬೇಕು. ಅನುರಣನವನ್ನು ಮೊದಲು ಸಣ್ಣ, ಆಮೇಲೆ ದೊಡ್ಡ ತುಂಡುಗಳಾಗಿ ಕತ್ತರಿಸಿ ಈ ಕಾಯುವಿಕೆಯನ್ನೇ ತಪ್ಪಿಸುವ ದಾರಿಯನ್ನು ವಿಲಿಯಂ ಗಾರ್ಡ್‌ನರ್ 1995ರಲ್ಲಿ ವಿವರಿಸಿದರು. 1999ರಲ್ಲಿ ಕನ್ವಲ್ಯೂಷನ್ ಮಾಡುವ ಸೋನಿ ಕಂಪನಿಯ ಯಂತ್ರ ಸ್ಟುಡಿಯೋಗಳಿಗೆ ಬಂತು. ಈಗ ಮಾಮೂಲಿ ಲ್ಯಾಪ್‌ಟಾಪ್ ಸಾಕು.

ಬಲೂನಿಗೂ ದೋಷಗಳಿವೆ: ಎಲ್ಲ ದಿಕ್ಕಿಗೂ, ಎಲ್ಲ ಕಂಪನಾಂಕಗಳಲ್ಲೂ ಸಮನಾಗಿ ಸದ್ದು ಹೊಮ್ಮಿಸದು. ಅನುಕೂಲವಿದ್ದ ಕಡೆ ಸ್ಪೀಕರಿನಿಂದ ಮಂದ್ರದಿಂದ ತಾರಕ್ಕೆ ಏರುವ ಸ್ವರ ನುಡಿಸಿ, ಬಳಿಕ ಗಣಿತದ ಮೂಲಕ ಆ ಸ್ವರವನ್ನು ತೆಗೆದು ಇಂಪಲ್ಸ್ ರೆಸ್ಪಾನ್ಸ್ ಪಡೆಯುತ್ತಾರೆ. ಇಟಲಿಯ ಆಂಜೆಲೊ ಫರೀನಾ 2000ದಲ್ಲಿ ಮಂಡಿಸಿದ ವಿಧಾನವಿದು.

ಸ್ಟ್ಯಾನ್‌ಫರ್ಡ್‌ನಲ್ಲಿ ಜೊನಾಥನ್ ಏಬೆಲ್ ಬಲೂನಿನ ಸದ್ದನ್ನು ಹದಗೊಳಿಸಿದರು. ಕಪೆಲ್ಲಾ ರೊಮಾನಾ ಗಾಯನತಂಡಕ್ಕೆ, ಹಾಡುತ್ತಿರುವಾಗಲೇ, ಆ ಅನುರಣನವನ್ನು ಕೇಳಿಸಲಾಯಿತು. ತಂತ್ರಕ್ಕಿಂತ ಕುತೂಹಲಕರವಾದದ್ದು ಇಲ್ಲಿದೆ: ಗಾಯಕರು ಲಯವನ್ನು ನಿಧಾನಿಸಿದರು. ಇಲ್ಲದ ಕಟ್ಟಡ ಹಾಡುಗಾರಿಕೆಯನ್ನೇ ಬದಲಿಸಿತ್ತು. ಅವರ ಆಲ್ಬಂ 2019ರಲ್ಲಿ ಹೊರಬಂತು.

ಇಂಪಲ್ಸ್ ರೆಸ್ಪಾನ್ಸ್ ನಿಜವಾಗುವುದು ಬಲೂನು, ಮೈಕು ಇದ್ದ ಆ ಎರಡು ಜಾಗಗಳಿಗಷ್ಟೇ. ಹತ್ತು ಹೆಜ್ಜೆ ಸರಿದರೆ ಮತ್ತೆ ಅಳೆಯಬೇಕು. ಜನರ ಮೈ, ಬಟ್ಟೆಗಳೂ ಸದ್ದು ಹೀರುವುದರಿಂದ ಕಿಕ್ಕಿರಿದ ಸಭೆಯ ಅನುರಣನ ಬೇಕೆಂದರೆ ಜನರನ್ನು ಕೂರಿಸಿಕೊಂಡೇ ಬಲೂನು ಒಡೆಯಬೇಕು, ಅದೂ ಯಾರೂ ಕೆಮ್ಮದಿದ್ದರೆ.