ಎಣಿಕೆಯ ಕೂಲಿ, ಮನೆಯ ಖರ್ಚು

ಪತ್ತಿಕೊಂಡ ಕಡೆಯ ರೈತರ ಹತ್ತಿ ಆದೋನಿ ಮಾರುಕಟ್ಟೆ ಸೇರುತ್ತದೆ. ಅಲ್ಲಿನ ಜಿನ್ನಿಂಗ್ ಮಿಲ್ಲುಗಳಲ್ಲಿ ಬೀಜದಿಂದ ಬೇರೆಯಾಗಿ, ಸುಮಾರು 170 ಕಿಲೋ ತೂಗುವ ಬೇಲುಗಳಾಗಿ ಹೊರಡುತ್ತದೆ. ಇಂತಹ ಕೆಲಸದಲ್ಲಿ 'ಹೆಚ್ಚು ಮಾಡಿದವರಿಗೆ ಹೆಚ್ಚು ಕೂಲಿ' ಎಂಬ ಮಾತು ನ್ಯಾಯವೆನಿಸುತ್ತದೆ. ದುಡಿಯುವ ಕೈಗೆ ಅದು ಹುರುಪನ್ನೂ ಕೊಡುತ್ತದೆ.

ಆದರೆ ಎಣಿಕೆಯು ಶ್ರಮವೊಂದನ್ನೇ ಅಳೆಯುವುದಿಲ್ಲ. ಹತ್ತಿ ತೇವವಾಗಿದ್ದರೆ, ಕರೆಂಟ್ ಹೋದರೆ, ಯಂತ್ರ ಕೆಟ್ಟರೆ ಲೆಕ್ಕ ಇಳಿಯುತ್ತದೆ. ಮನೆಯ ಖರ್ಚು ಇಳಿಯುವುದಿಲ್ಲ. ಲೆಕ್ಕ ಏರಿಸುವ ಅವಸರದಲ್ಲಿ ಓಡುವ ಯಂತ್ರಕ್ಕೆ ಕೈ ಹಾಕುವ ಅಪಾಯವೂ ಉಂಟು.

ಎಣಿಕೆಯ ಮೇಲೆ ದುಡಿಯುವವರಿಗೂ, ಅವರ ಕೆಲಸಕ್ಕೆ ದಿನದ ಕನಿಷ್ಠ ಕೂಲಿ ಗೊತ್ತಾಗಿದ್ದರೆ, ಅದಕ್ಕಿಂತ ಕಡಿಮೆ ಕೊಡಬಾರದೆಂದು 1948ರ ಕನಿಷ್ಠ ವೇತನ ಕಾಯಿದೆ ವಿಧಿಸಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಕಾರ್ಮಿಕನ ಸರಳ ಜೀವನಕ್ಕೂ ಸಾಲದ ಕೂಲಿ, ಆತನೇ ಒಪ್ಪಿದ್ದರೂ, ನ್ಯಾಯವಲ್ಲವೆಂದು ಜಗದ್ಗುರು ಹದಿಮೂರನೇ ಲಿಯೋರವರು 1891ರಲ್ಲಿ 'ರೇರುಂ ನೋವಾರುಂ' ವಿಶ್ವಪತ್ರದಲ್ಲಿ ಬೋಧಿಸಿದರು.

ಪ್ರಿಯರೇ, ದುಡಿಯುವವರು ದಿನದ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆಳಿಟ್ಟು ದುಡಿಸುವವರು ಮೊದಲು ಹೊಟ್ಟೆ ತುಂಬುವ ಕೂಲಿ ಕೊಡಿ. ಹೆಚ್ಚಿನ ದುಡಿಮೆಗೆ ಬಹುಮಾನ ಅದರ ಮೇಲಿರಲಿ. ಆಗ ಕೆಲಸವೂ ಏರುತ್ತದೆ, ಮನೆಯೂ ನಿಲ್ಲುತ್ತದೆ.