ಹಳೆಯ ಮಾರುತಿಗೆ ಐದನೇ ಗೇರಿನ ಆಸೆ

ಕೊಪ್ಪದ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮನೆಯಲ್ಲಿ ತಂದೆಯ ಕಾಲದ ಮಾರುತಿ 800 ಇದೆ, ನಾಲ್ಕು ಗೇರಿನದು. ಈಗ ಮೂರನೇ ಗೇರಿಗೆ ಹಾಕಿದರೆ ‘ಕರ್‌ರ್’ ಅನ್ನುತ್ತದೆ. ಇಳಿಜಾರಿನಲ್ಲಿ ಕಾಲು ಸಡಿಲಿಸಿದರೆ ಗೇರು ತಾನಾಗಿಯೇ ಕಿತ್ತುಕೊಂಡು ನ್ಯೂಟ್ರಲ್ಲಿಗೆ ಬಂದು ಕೂರುತ್ತದೆ. ಗೇರ್‌ಬಾಕ್ಸ್ ಬದಲಿಸಲೇಬೇಕು ಅಂದ ಮೆಕ್ಯಾನಿಕ್, ಜೊತೆಗೆ ಒಂದು ಆಸೆಯನ್ನೂ ಹುಟ್ಟಿಸಿದ್ದಾನೆ: “ಹ್ಯಾಗೂ ಇಳಿಸ್ತೀವಲ್ಲ ಸಾರ್, ಐದು ಗೇರಿಂದೇ ಕೂರಿಸಿಬಿಡೋಣ. ಪಿಕಪ್ಪೂ ಜಾಸ್ತಿ, ಮೈಲೇಜೂ ಜಾಸ್ತಿ.” ಇದರಲ್ಲಿ ಎಷ್ಟು ನಿಜ ಎಂಬುದು ಅವರ ಪ್ರಶ್ನೆ.

ಪಿಕಪ್ಪೂ ಜಾಸ್ತಿ, ಮೈಲೇಜೂ ಜಾಸ್ತಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಬಸ್ಸಿನ ಕಂಡಕ್ಟರನ್ನು ನೆನಪು ಮಾಡಿಕೊಳ್ಳುತ್ತೇನೆ. ಅವನಿಗೂ ಗೇರ್‌ಬಾಕ್ಸಿಗೂ ಕಸುಬು ಒಂದೇ, ಚಿಲ್ಲರೆಯ ವ್ಯವಹಾರ. ಎಂಜಿನ್ ಕೊಡುವ ಶಕ್ತಿಯನ್ನು ರೂಪಾಯಿ ಎಂದುಕೊಳ್ಳಿ. ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ನಾಣ್ಯಗಳ ಸಂಖ್ಯೆ. ಪ್ರತಿ ಸುತ್ತಿನ ಹಿಂದಿರುವ ತಿರುಚುಬಲ, ಅಂದರೆ ಟಾರ್ಕ್, ಪ್ರತಿ ನಾಣ್ಯದ ಬೆಲೆ. ಎರಡನ್ನೂ ಗುಣಿಸಿದರೆ ಒಟ್ಟು ಹಣ. ಸಣ್ಣ ಎಂಜಿನ್ನಿನ ಬಳಿ ಐದು ರೂಪಾಯಿಯ ನೂರು ನಾಣ್ಯ ಇರುತ್ತವೆ; ಏರು ಹತ್ತುವ ಚಕ್ರ ಕೇಳುವುದು ನೂರರ ಐದು ನೋಟು. ಮೊತ್ತ ಅಷ್ಟೇ, ರೂಪ ಬೇರೆ. ನಡುವೆ ಕೂತು ನಾಣ್ಯ ತೆಗೆದುಕೊಂಡು ನೋಟು ಕೊಡುವ ದಲ್ಲಾಳಿಯೇ ಗೇರ್‌ಬಾಕ್ಸ್. ಅವನು ತನ್ನ ಕಮಿಷನ್ನನ್ನೂ ಹಿಡಿದುಕೊಳ್ಳುತ್ತಾನೆ. ಹಲ್ಲುಗಳ ಉಜ್ಜಾಟದಲ್ಲಿ, ಎಣ್ಣೆ ಕಡೆಯುವುದರಲ್ಲಿ ನೂರಕ್ಕೆ ಐದೋ ಹತ್ತೋ ಭಾಗ ಬಿಸಿಯಾಗಿ ಹೋಗುತ್ತದೆ. ದೂರ ಓಡಿಸಿ ಬಂದು ಗೇರ್‌ಬಾಕ್ಸಿನ ಹತ್ತಿರ ಕೈ ಹಿಡಿದರೆ ಆ ಕಮಿಷನ್ ಗೊತ್ತಾಗುತ್ತದೆ.

ಈ ದಲ್ಲಾಳಿ ಒಂದೇ ಒಂದು ರೂಪಾಯಿಯನ್ನೂ ಹುಟ್ಟಿಸಲಾರ. ಅವನ ಬಳಿ ಎಷ್ಟು ಬಗೆಯ ನೋಟು ಇದೆ ಎಂಬುದಷ್ಟೇ ವ್ಯತ್ಯಾಸ. ನಾಲ್ಕು ಗೇರಿನವನ ಬಳಿ ನಾಲ್ಕು ಬಗೆ, ಐದು ಗೇರಿನವನ ಬಳಿ ಐದು. ಚಿಲ್ಲರೆ ಹೊಂದದಿದ್ದರೆ ಕಂಡಕ್ಟರು ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟು ಮುಂದೆ ಹೋಗುತ್ತಾನೆ. ಗೇರ್‌ಬಾಕ್ಸಿನಲ್ಲಿ ಹೀಗಾದಾಗ ಎಂಜಿನ್ ಒಂದೋ ಸುಮ್ಮನೆ ಕಿರುಚುತ್ತದೆ, ಇಲ್ಲವೇ ಉಸಿರುಗಟ್ಟಿ ಗುದ್ದುತ್ತದೆ.

ಕೊಪ್ಪದವರ ರಸ್ತೆಯನ್ನೇ ಲೆಕ್ಕಕ್ಕೆ ಹಿಡಿಯೋಣ. ಮಾರುತಿ 800ರ ತೂಕ ಸುಮಾರು 650 ಕಿಲೋ. ನಾಲ್ವರು ಕೂತು, ಹಿಂದೆ ಒಂದು ಗೋಣಿ ಅಡಿಕೆ ಹಾಕಿದರೆ 900 ದಾಟೀತು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಈ ಭಾರವನ್ನು ತಳ್ಳಲು, ಟೈರಿನ ಉರುಳುಘರ್ಷಣೆಯೂ ಸೇರಿ, ಸುಮಾರು 1000 ನ್ಯೂಟನ್ ಬಲ ಬೇಕು. ಅದರ 12 ಇಂಚಿನ ಚಕ್ರಕ್ಕೆ ಟೈರು ಸೇರಿ ತ್ರಿಜ್ಯ ಸುಮಾರು ಕಾಲು ಮೀಟರ್. ಅಂದರೆ ಚಕ್ರದ ಅಚ್ಚಿನಲ್ಲಿ 250 ನ್ಯೂಟನ್ ಮೀಟರ್ ಟಾರ್ಕ್ ಇರಬೇಕು. ಹಳೆಯ 796 ಸಿಸಿ ಎಂಜಿನ್ ಮೈಮುರಿದು ಕೊಡುವುದು 59 ಮಾತ್ರ, ಅದೂ 2500 ಸುತ್ತಿನ ಆಸುಪಾಸಿನಲ್ಲಿ. ಕಮಿಷನ್ ಕಳೆದರೆ ಕನಿಷ್ಠ ಐದರಷ್ಟಾದರೂ ಗುಣಿಸಿ ಕೊಡಬಲ್ಲ ಗೇರು ಬೇಕಾಯಿತು. ಲೆಕ್ಕದ ಅನುಕೂಲಕ್ಕೆ ಟಾಪ್ ಗೇರಿನ ಒಟ್ಟು ಗುಣಕ 4, ಮೂರನೆಯದು 6 ಎಂದುಕೊಳ್ಳಿ. ಟಾಪಿನಲ್ಲಿ ಈ ಏರು ಹತ್ತುವುದು ಸಾಧ್ಯವೇ ಇಲ್ಲ, ಮೂರರಲ್ಲಿ ಹತ್ತೀತು. ಎಂಟಕ್ಕೆ ಒಂದರಷ್ಟು ಕಡಿದಾದರೆ ಮೂರನೇ ಗೇರು ಏದುಸಿರು ಬಿಡುತ್ತದೆ. ಆಗುಂಬೆಯ 14 ತಿರುವುಗಳಲ್ಲಿ 15 ಕಿಲೋಮೀಟರ್ ವೇಗಕ್ಕೆ ಇಳಿದಾಗ ಅದೇ ಮೂರರಲ್ಲಿ ಎಂಜಿನ್ನಿಗೆ ಸಾವಿರ ಸುತ್ತೂ ಇರುವುದಿಲ್ಲ, ಎರಡಕ್ಕೆ ಬರಲೇಬೇಕು. ಘಟ್ಟದವರ ಬದುಕೆಲ್ಲ ಎರಡು ಮತ್ತು ಮೂರರ ನಡುವಿನ ಓಡಾಟ.

ಆದ್ದರಿಂದ ಮೆಕ್ಯಾನಿಕ್ಕಿಗೆ ಕೇಳಬೇಕಾದ ಪ್ರಶ್ನೆ, “ಐದನೆಯದು ಎಲ್ಲಿ ಬಂದು ಸೇರುತ್ತದೆ?” ಏಣಿಗೆ ಒಂದು ಮೆಟ್ಟಿಲು ಸೇರಿಸುವುದು ಎರಡು ಥರ. ಇದ್ದ ಎತ್ತರದಲ್ಲೇ ಮೆಟ್ಟಿಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು, ಅಥವಾ ಏಣಿಯನ್ನೇ ಮೇಲಕ್ಕೆ ಬೆಳೆಸಬಹುದು. ಮೊದಲನೆಯದರಿಂದ ಘಟ್ಟದಲ್ಲಿ ಲಾಭ, ಎರಡನೆಯದರಿಂದ ಹೆದ್ದಾರಿಯಲ್ಲಿ. ಸಪಾಟು ರಸ್ತೆಯಲ್ಲಿ 80ರ ವೇಗಕ್ಕೆ ಇಂಥ ಕಾರಿಗೆ ಅಂದಾಜು ಹತ್ತು ಅಶ್ವಶಕ್ತಿ ಸಾಕು. ಟೈರಿನ ಸುತ್ತಳತೆ ಸುಮಾರು 1.6 ಮೀಟರ್ ಇರುವುದರಿಂದ, ಗುಣಕ 4 ಇದ್ದರೆ ಆ ವೇಗದಲ್ಲಿ ಎಂಜಿನ್ 3300 ಸುತ್ತು ಓಡುತ್ತದೆ. ಐದನೇ ಗೇರು ಬಂದು ಗುಣಕ 3.5 ಆದರೆ 2900. ನಿಮಿಷಕ್ಕೆ ನಾನೂರು ಸುತ್ತಿನ ಉಜ್ಜಾಟ ಉಳಿಯಿತು, ಪೆಟ್ರೋಲೂ ಸ್ವಲ್ಪ ಉಳಿದೀತು. ಆದರೆ ಅದನ್ನು ಉಳಿಸಲು ಕೊಪ್ಪದವರು ದಿನಾ ತುಮಕೂರು ರಸ್ತೆಯಲ್ಲಿ ಓಡಾಡುತ್ತಿರಬೇಕು.

ಐದು ಗೇರಿನ ಮಾರುತಿ ಬಲು ಚುರುಕು ಎಂಬ ಖ್ಯಾತಿ ಇದೆಯಲ್ಲ, ಅದು ಸುಳ್ಳಲ್ಲ. ಆದರೆ ಹೊಗಳಿಕೆ ತಪ್ಪು ವಿಳಾಸಕ್ಕೆ ಹೋಗಿದೆ. 2000ದ ಆಸುಪಾಸಿನಲ್ಲಿ ಆ ಮಾದರಿ ಬಂದಾಗ ಗೇರಿನ ಜೊತೆಗೆ ಎಂಜಿನ್ನೂ ಬದಲಾಗಿತ್ತು. ಆರು ವಾಲ್ವಿನ ಜಾಗದಲ್ಲಿ ಹನ್ನೆರಡು, ಕಾರ್ಬುರೇಟರಿನ ಜಾಗದಲ್ಲಿ ಇಂಧನ ಚಿಮ್ಮಿಸುವ ವ್ಯವಸ್ಥೆ, 37ರ ಜಾಗದಲ್ಲಿ 45ರಷ್ಟು ಅಶ್ವಶಕ್ತಿ. ದುಡ್ಡೇ ಜಾಸ್ತಿ ಬಂದಿತ್ತು. ಹೆಸರು ಮಾತ್ರ ದಲ್ಲಾಳಿಗೆ.

ಇನ್ನು ಆ ‘ಕರ್‌ರ್’ ಸದ್ದು. ಅದಕ್ಕೆ ನೂರಮೂವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ, ನನಗಂತೂ ಕಾರಿನ ಚರಿತ್ರೆಯಲ್ಲಿ ಇದಕ್ಕಿಂತ ರುಚಿಯಾದ ಅಧ್ಯಾಯ ಇನ್ನೊಂದಿಲ್ಲ. 1891ರ ಸುಮಾರಿಗೆ ಪ್ಯಾರಿಸ್ಸಿನ ಎಮಿಲ್ ಲೆವಾಸೋರ್ ತನ್ನ ಕಾರಿನಲ್ಲಿ ಹಲ್ಲಿನ ಚಕ್ರಗಳನ್ನು ಸರಿಸಿ ಒಂದಕ್ಕೊಂದು ಕಚ್ಚಿಸುವ ಏರ್ಪಾಡು ಮಾಡಿದ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಉಕ್ಕಿನ ಚಕ್ರಗಳನ್ನು ಬಲವಂತವಾಗಿ ಕೂಡಿಸಿದರೆ ಹೇಗಿರುತ್ತದೋ ಹಾಗೇ ಇತ್ತು ಅದು. ‘ಒರಟು, ಆದರೆ ನಡೆಯುತ್ತದೆ’ ಎಂದು ಅವನೇ ಅಂದನೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. 1898ರ ಕ್ರಿಸ್‌ಮಸ್ ಹಿಂದಿನ ರಾತ್ರಿ 21ರ ಹರೆಯದ ಲೂಯಿ ರೆನೋ ತನ್ನ ಪುಟ್ಟ ಗಾಡಿಯನ್ನು ಮೋಂಮಾರ್ತ್ರ್ ಗುಡ್ಡದ ಲೆಪಿಕ್ ಬೀದಿಯ ಕಡಿದಾದ ಏರಿನಲ್ಲಿ ಹತ್ತಿಸಿ ತೋರಿಸಿ, ಅದೇ ರಾತ್ರಿ ಹನ್ನೆರಡು ಗಿರಾಕಿಗಳನ್ನು ಹಿಡಿದ. ಅವನ ಜಾಣ್ಮೆ ಇದ್ದದ್ದು ಟಾಪ್ ಗೇರಿನಲ್ಲಿ. ಅಲ್ಲಿ ದಲ್ಲಾಳಿಯನ್ನೇ ಬದಿಗೆ ಸರಿಸಿ ಎಂಜಿನ್ನಿನ ದಂಡವನ್ನು ನೇರವಾಗಿ ಹಿಂದಿನ ಚಕ್ರಗಳ ಕಡೆಗೆ ಜೋಡಿಸಿದ್ದ. ಹಲ್ಲಿಲ್ಲ, ಕಮಿಷನ್ನೂ ಇಲ್ಲದಷ್ಟು ಕಡಿಮೆ. ನಮ್ಮ ಮಾರುತಿಗೆ ಆ ಭಾಗ್ಯವಿಲ್ಲ. ಎಂಜಿನ್ ಅಡ್ಡ ಕೂತ, ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಯಾವ ಗೇರಾದರೂ ಒಂದು ಜೋಡಿ ಹಲ್ಲನ್ನು ದಾಟಿಯೇ ಹೋಗಬೇಕು.

ಕರ್‌ರ್ ಸದ್ದಿಗೆ ಮದ್ದು ಕಂಡುಹಿಡಿದವನು ಅಮೆರಿಕದ ಅರ್ಲ್ ಥಾಂಪ್ಸನ್. ಅವನ ಸಿಂಕ್ರೊಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಮುಂದೆ ಕ್ಲಚ್ಚನ್ನೇ ತುಳಿಯಬೇಕಿಲ್ಲದ ಗೇರ್‌ಬಾಕ್ಸ್ ಮಾಡಿದ ತಂಡಕ್ಕೂ ಅವನೇ ಮುಂದಾಳು. ಗೇರಿನ ಸದ್ದು ಅವನಿಗೆ ಅಷ್ಟು ಬೇಜಾರು ತಂದಿತ್ತೇನೊ! ಉಪಾಯ ಸರಳ. ಹಲ್ಲು ಕಚ್ಚುವ ಮೊದಲು ಒಂದು ಹಿತ್ತಾಳೆ ಬಳೆ ಮುಂದೆ ಬಂದು ಗೇರಿನ ಶಂಕುವಿನಾಕಾರದ ಕೊರಳಿಗೆ ಒತ್ತಿಕೊಳ್ಳುತ್ತದೆ. ಆ ಉಜ್ಜಾಟದಲ್ಲಿ ಎರಡರ ವೇಗವೂ ಸಮವಾಗುತ್ತದೆ, ಆಮೇಲೆ ಹಲ್ಲು ಸದ್ದಿಲ್ಲದೆ ಸೇರುತ್ತದೆ. ಬಳೆಯ ಒಳಮೈಯಲ್ಲಿ ಕೂದಲೆಳೆಯಂಥ ಗೀರುಗಳಿರುತ್ತವೆ, ಎಣ್ಣೆಯ ಪೊರೆಯನ್ನು ಸೀಳಲು. ವರ್ಷಗಳ ಬಳಕೆಯಲ್ಲಿ ಗೀರು ಸವೆದು ನುಣುಪಾಯಿತೋ, ಬಳೆ ಜಾರುತ್ತದೆ, ಲೆವಾಸೋರನ ಕಾಲ ಮರಳಿ ಬರುತ್ತದೆ.

ಹಾಗಾದರೆ ಹಾಳಾಗಿದ್ದು ಬಳೆಯೋ, ಇಡೀ ಪೆಟ್ಟಿಗೆಯೋ? ಹಳೆಯ ಲಾರಿ ಚಾಲಕರ ‘ಡಬಲ್ ಕ್ಲಚ್’ ಇಲ್ಲಿ ಒಳ್ಳೆಯ ಪರೀಕ್ಷೆ. ನಾಲ್ಕರಿಂದ ಮೂರಕ್ಕೆ ಬರುವಾಗ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತನ್ನಿ, ಕ್ಲಚ್ ಬಿಟ್ಟು ಒಮ್ಮೆ ಆಕ್ಸಿಲರೇಟರ್ ಕುಟ್ಟಿ, ಮತ್ತೆ ಕ್ಲಚ್ ಒತ್ತಿ ಮೂರಕ್ಕೆ ಹಾಕಿ. ಸದ್ದಿಲ್ಲದೆ ಬಿತ್ತೆಂದರೆ ಮುಖ್ಯ ಹಲ್ಲು ಚೆನ್ನಾಗಿದೆ, ಬಳೆಯದೇ ತಕರಾರು. ನ್ಯೂಟ್ರಲ್ಲಿನಲ್ಲಿ ಗುಂಯ್‌ಗುಡುವ ಗೇರ್‌ಬಾಕ್ಸ್ ಕ್ಲಚ್ ಒತ್ತಿದೊಡನೆ ಸುಮ್ಮನಾದರೆ ಒಳದಂಡದ ಬೇರಿಂಗ್ ಹೋಗಿದೆ. ಒತ್ತಿದಾಗಲೇ ಸದ್ದು ಶುರುವಾದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್, ಗೇರ್‌ಬಾಕ್ಸ್ ನಿರಪರಾಧಿ. ಗೇರು ಕಿತ್ತುಕೊಳ್ಳುವುದಕ್ಕೆ ಸವೆದ ಫೋರ್ಕು, ಮೊಂಡಾದ ಕಚ್ಚುಹಲ್ಲು ಕಾರಣ ಇರಬಹುದು. ಆದರೆ ಅದಕ್ಕೂ ಮೊದಲು ಬಾನೆಟ್ ಎತ್ತಿ ಎಂಜಿನ್ನಿನ ರಬ್ಬರ್ ಮೌಂಟು, ಗೇರ್ ಲಿವರಿನ ಬುಷ್ಷು ನೋಡಿ. ಮೌಂಟು ಹರಿದಿದ್ದರೆ ಕಾಲು ಸಡಿಲಿಸಿದಾಗ ಎಂಜಿನ್ನೇ ಓಲಾಡಿ ಗೇರನ್ನು ಎಳೆದು ಬಿಡಿಸುತ್ತದೆ. ಒಂದು ತುಂಡು ರಬ್ಬರಿನ ತಪ್ಪಿಗೆ ಇಡೀ ಗೇರ್‌ಬಾಕ್ಸು ಗುಜರಿ ಸೇರಿದ್ದನ್ನು ನಾನೇ ಕಂಡಿದ್ದೇನೆ. ನನ್ನದೇ ಕಾರು, ಆ ಗ್ಯಾರೇಜಿನ ಹೆಸರು ಬೇಡ.

ಬಿಚ್ಚಿದ ಮೇಲೆ ಒಂದೇ ಗೇರು ಹಾಳಾಗಿದ್ದು ಕಂಡರೆ, ಇನ್ನೊಂದು ಹಳೆಯ ಪೆಟ್ಟಿಗೆಯಿಂದ ಅದೊಂದನ್ನೇ ಕಿತ್ತು ಹಾಕುವ ಆಸೆಯಾಗುತ್ತದೆ. ಬೇಡ. ಗೇರು ಮಾಡುವವರು ಸಾಧ್ಯವಾದಲ್ಲೆಲ್ಲ ಜೋಡಿ ಚಕ್ರಗಳ ಹಲ್ಲಿನ ಸಂಖ್ಯೆಗೆ ಸಾಮಾನ್ಯ ಅಪವರ್ತನ ಇಲ್ಲದಂತೆ ನೋಡಿಕೊಳ್ಳುತ್ತಾರೆ. 12ಕ್ಕೆ 36 ಇಟ್ಟರೆ ಒಂದು ಹಲ್ಲು ಯಾವಾಗಲೂ ಅದೇ ಮೂರು ಹಲ್ಲನ್ನೇ ಗುದ್ದುತ್ತಿರುತ್ತದೆ. 12ಕ್ಕೆ 37 ಇಟ್ಟರೆ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಸರದಿಯಂತೆ ಭೇಟಿಯಾಗುತ್ತದೆ, ಇಬ್ಬರೂ ಸಮವಾಗಿ ಸವೆಯುತ್ತಾರೆ. ಲಕ್ಷ ಕಿಲೋಮೀಟರ್ ಹೀಗೆ ಒಟ್ಟಿಗೆ ಸವೆದ ಜೋಡಿಯಲ್ಲಿ ಒಂದನ್ನು ಬಿಡಿಸಿ ಪರರ ಜೊತೆ ಕೂಡಿಸಿದರೆ ಸಂಸಾರ ಗದ್ದಲವೇ. ಹಾಕುವುದಾದರೆ ಜೋಡಿಯಾಗಿಯೇ ಹಾಕಿ.

ಐದು ಗೇರಿನದನ್ನೇ ಕೂರಿಸುತ್ತೇನೆ ಎಂಬ ಹಟವಿದ್ದರೆ ಇಟಲಿಯ ದಾಂತೆ ಜಕೋಸಾನನ್ನು ನೆನೆಯಬೇಕು. 1959ರ ಬ್ರಿಟನ್ನಿನ ಮಿನಿ ಕಾರಿನಲ್ಲಿ ಎಂಜಿನ್ ಅಡ್ಡ ಮಲಗಿ, ಗೇರ್‌ಬಾಕ್ಸ್ ಅದರ ಹೊಟ್ಟೆಯಡಿ ಅದೇ ಎಣ್ಣೆಯಲ್ಲಿ ಮುಳುಗಿತ್ತು. ಜಕೋಸಾ 1964ರ ಪ್ರಿಮುಲಾ ಕಾರಿನಲ್ಲಿ ಗೇರ್‌ಬಾಕ್ಸನ್ನು ಎಂಜಿನ್ನಿನ ತುದಿಗೆ ಕೂರಿಸಿ, ಎಡಬಲದ ಎಕ್ಸೆಲ್‌ಗಳನ್ನು ಒಂದು ಗಿಡ್ಡ, ಒಂದು ಉದ್ದ ಮಾಡಿದ. 1969ರ ಫಿಯೆಟ್ 128ರ ನಂತರ ಜಗತ್ತಿನ ಸಣ್ಣ ಕಾರುಗಳೆಲ್ಲ ಹೆಚ್ಚುಕಡಿಮೆ ಅವನ ಹಿಂದೆ ಹೋದವು, ನಮ್ಮ ಮಾರುತಿಯೂ. ಜಾಗ ಉಳಿಯಿತು, ಆದರೆ ಅಳತೆ ಬಿಗಿಯಾಯಿತು. ಗೇರ್‌ಬಾಕ್ಸ್ ಒಂದೆರಡು ಬೆರಳು ಉದ್ದವಾದರೂ ಮೌಂಟು ಸಿಗುವುದಿಲ್ಲ, ಎಕ್ಸೆಲ್ ಹೊಂದುವುದಿಲ್ಲ. ಎಂಜಿನ್ನಿಗೆ ಕೂಡುವ ಬೋಲ್ಟುಗಳ ಜಾಗ, ಕ್ಲಚ್ ಪ್ಲೇಟಿನೊಳಗೆ ಹೋಗುವ ದಂಡದ ಗೀರುಗಳ ಎಣಿಕೆ, ಗೇರ್ ಲಿವರಿನ ಕೊಂಡಿ ಎಲ್ಲವನ್ನೂ ತಾಳೆ ನೋಡಬೇಕು. ಸ್ಪೀಡೋಮೀಟರಿನ ಕೇಬಲ್ಲೂ ಗೇರ್‌ಬಾಕ್ಸಿನಿಂದಲೇ ಹೊರಡುತ್ತದೆ. ಅಲ್ಲಿನ ಹಲ್ಲು ಹೊಂದದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ, ಮೈಲೇಜಿನ ಲೆಕ್ಕವೂ ಅದರೊಂದಿಗೆ. ಹೊಸ ಗೇರ್‌ಬಾಕ್ಸಿನಿಂದ ಮೈಲೇಜು ದಿಢೀರನೆ ಏರಿತು ಎನ್ನುವ ಕೆಲವರ ಸಂಭ್ರಮದ ಮೂಲ ಇಲ್ಲೇ ಇರಬಹುದೆಂದು ನನ್ನ ಗುಮಾನಿ.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ ಶಿವಮೊಗ್ಗದಲ್ಲೋ ಗೇರ್‌ಬಾಕ್ಸ್ ಕಂಡಾಗ ‘ಯಾವ ಮಾಡೆಲ್’ ಎಂಬ ಮಾತಿಗಿಂತ ಕೈಯನ್ನೇ ನಂಬಿ. ಅದನ್ನು ಟಾಪ್ ಗೇರಿಗೆ ಹಾಕಿ, ಎಕ್ಸೆಲ್ ಹೋಗುವ ಎರಡು ಕಡೆಯಲ್ಲಿ ಒಂದನ್ನು ಅಲುಗದಂತೆ ಹಿಡಿಸಿ. ಎಂಜಿನ್ ಕಡೆಯ ದಂಡವನ್ನು 20 ಸುತ್ತು ತಿರುಗಿಸಿ, ಇನ್ನೊಂದು ಕಡೆ ಎಷ್ಟು ಸುತ್ತಿತು ಎಣಿಸಿ. ಹತ್ತು ಬಂದರೆ ಗುಣಕ ಎರಡು ಎಂದು ಮೋಸಹೋಗಬೇಡಿ, ಅದು ನಾಲ್ಕು. ಒಂದು ಕಡೆ ಹಿಡಿದಾಗ ಆ ಪಾಲಿನ ಸುತ್ತೂ ಇನ್ನೊಂದು ಕಡೆಗೇ ಹೋಗುತ್ತದೆ. 1827ರಲ್ಲೇ ಪೆಕೂರ್ ಎಂಬ ಫ್ರೆಂಚ್ ಗಡಿಯಾರದವ ಹಬೆಗಾಡಿಗೆಂದು ಪೇಟೆಂಟ್ ಮಾಡಿಸಿದ ಡಿಫರೆನ್ಷಿಯಲ್ಲಿನ ಗುಣ ಇದು. ಇದೇ ರೀತಿ ಪ್ರತಿ ಗೇರಿಗೂ ಎಣಿಸಿದರೆ ಐದನೆಯದು ಎಲ್ಲಿ ಸೇರಿದೆ ಎಂಬುದು ಹತ್ತೇ ನಿಮಿಷದಲ್ಲಿ ಹೊರಬೀಳುತ್ತದೆ. ಎಣ್ಣೆಯನ್ನು ಒಂದಿಷ್ಟು ಬಸಿದು ಬಿಸಿಲಿಗೆ ಹಿಡಿಯಿರಿ. ಚಿನ್ನದ ಪುಡಿಯಂತೆ ಮಿನುಗಿದರೆ ಅದು ಸವೆದ ಹಿತ್ತಾಳೆ ಬಳೆ. ಅಯಸ್ಕಾಂತಕ್ಕೆ ಚೂರು ಅಂಟಿದರೆ ಹಲ್ಲೋ ಬೇರಿಂಗೋ ಮುರಿದಿದೆ, ಅಲ್ಲಿಂದ ಎದ್ದು ಬನ್ನಿ.

ಕೊಪ್ಪದವರಿಗೆ ನಾನು ಬರೆದದ್ದು ಇಷ್ಟು: ಮೊದಲು ಮೌಂಟು, ಬುಷ್ಷು ನೋಡಿಸಿ. ಸರಿಯಿದ್ದರೆ ನಿಮ್ಮದೇ ಪೆಟ್ಟಿಗೆ ಬಿಚ್ಚಿಸಿ ಬಳೆ, ಬೇರಿಂಗು, ಸೀಲು ಹೊಸದು ಹಾಕಿಸಿ. ಕವಚ ಬಿರುಕು ಬಿಟ್ಟಿದ್ದರೆ ಮಾತ್ರ ಇನ್ನೊಂದು ನಾಲ್ಕು ಗೇರಿನದು ತನ್ನಿ. ಎಣ್ಣೆ ಜಿಎಲ್-4 ದರ್ಜೆಯದೇ ಇರಲಿ. ‘ಇನ್ನೂ ಒಳ್ಳೇದು’ ಎಂದು ಜಿಎಲ್-5 ಸುರಿದರೆ ಅದರಲ್ಲಿನ ಗಂಧಕ ಹಿತ್ತಾಳೆಯನ್ನು ತಿನ್ನುವ ಅಪಾಯವಿದೆ, ಅತಿ ಜಾರಿಕೆಯಿಂದ ಬಳೆಗೆ ಹಿಡಿತವೂ ಸಿಗದು. ಮತ್ತೆ, ರಿವರ್ಸಿನಲ್ಲಿ ಬರುವ ‘ಕೊಂಯ್’ ದನಿ ಹೊಸ ಗೇರ್‌ಬಾಕ್ಸಿನಲ್ಲೂ ಇರುತ್ತದೆ, ಅದನ್ನು ಹಿಡಿದು ಮೆಕ್ಯಾನಿಕ್ ಜೊತೆ ಜಗಳಕ್ಕೆ ಹೋಗಬೇಡಿ. ಮುಂದೆ ಹೋಗುವ ಗೇರಿನ ಹಲ್ಲುಗಳು ಓರೆಯಾಗಿದ್ದು ಒಂದರ ಹಿಂದೊಂದು ಮೆಲ್ಲಗೆ ಕಚ್ಚುತ್ತವೆ. ರಿವರ್ಸಿನ ಹಲ್ಲು ಇಂದಿಗೂ ಲೆವಾಸೋರನ ಕಾಲದಂತೆ ನೇರ, ಬಳೆಯೂ ಇಲ್ಲ. ಕಾರು ಪೂರ್ತಿ ನಿಂತ ಮೇಲೆ ಎರಡೆಣಿಸಿ ಹಾಕಿ.