ಟಿಲ್ಲರಿಗೆ ಚಿಮಿಣಿ ಎಣ್ಣೆ: ಉಳಿತಾಯವೋ, ಉರುಳೋ?

ಪೆರ್ಡೂರು: ಪತ್ತನಾಜೆ ಕಳೆದು ಮೇಳದ ಕಲಾವಿದರು ಗೆಜ್ಜೆ ಬಿಚ್ಚಿದರೆಂದರೆ ಇಲ್ಲಿನ ಬೈಲುಗಳಲ್ಲಿ ಟಿಲ್ಲರಿನ ಸದ್ದು ಸುರುವಾಗುವ ಕಾಲ. ಕೋಣಗಳ ಹೂಟೆ ಅಪರೂಪವಾಗಿ ವರ್ಷಗಳೇ ಸಂದವು. ಏಣೇಲು ಬೇಸಾಯಕ್ಕೆ ಮಳೆ ಹಿಡಿದ ಕೂಡಲೇ ಗದ್ದೆ ಹದ ಮಾಡಬೇಕು. ನೇಜಿ ಯಾರಿಗೂ ಕಾಯುವುದಿಲ್ಲ. ಹದ ಮಾಡಲು ಡೀಸೆಲ್ ಬೇಕು. ಡೀಸೆಲಿನ ರೇಟು ಕೇಳಿದರೆ ಬೇಸಾಯವೇ ಬೇಡ ಎನ್ನಿಸುವ ಹಾಗುಂಟು.

ಇಂಥ ಹೊತ್ತಿನಲ್ಲಿ ಟಿಲ್ಲರೋ ಟ್ರ್ಯಾಕ್ಟರೋ ಇಟ್ಟುಕೊಂಡವರ ತಲೆಗೆ ಒಂದು ಯೋಚನೆ ಬರುವುದು ಸಹಜ. ಡೀಸೆಲಿಗೆ ಸ್ವಲ್ಪ ಚಿಮಿಣಿ ಎಣ್ಣೆ ಸೇರಿಸಿದರೆ ಏನಾಗ್ತದೆ ಮಾರಾಯ್ರೆ? ಅದೂ ಎಣ್ಣೆ, ಇದೂ ಎಣ್ಣೆ. ಇಂಜಿನು ಓಡುವುದಿಲ್ವಾ?

ಓಡುತ್ತದೆ! ಅನುಮಾನವೇ ಬೇಡ. ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ಜನ ಮೋಸ ಹೋಗುವುದು ಆ ಮೊದಲ ದಿನವನ್ನು ನಂಬಿ.

ದೋಣಿ ಬೇರೆ, ಟಿಲ್ಲರ್ ಬೇರೆ

"ಮಲ್ಪೆಯ ನಾಡದೋಣಿ ಚಿಮಿಣಿ ಎಣ್ಣೆಯಲ್ಲಿ ಓಡುವುದಿಲ್ಲವೇ? ತೋಟಕ್ಕೆ ನೀರು ಬಿಡುವ ಪಂಪು ಓಡಿದ್ದಿಲ್ಲವೇ?" ಎಂದು ವಾದ ಮಾಡುವವರುಂಟು. ಮಾತು ನಿಜ. ಆದರೆ ಆ ಇಂಜಿನಿನ ಜಾತಿಯೇ ಬೇರೆ. ದೋಣಿಯ ಔಟ್‌ಬೋರ್ಡ್ ಇಂಜಿನನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಚಿಮಿಣಿ ಎಣ್ಣೆಗೆ ತಿರುಗಿಸುತ್ತಾರೆ. ಅದರಲ್ಲಿ ಸ್ಪಾರ್ಕ್ ಪ್ಲಗ್ ಇದೆ. ಬೆಂಕಿ ಕೊಡುವುದು ಆ ಪ್ಲಗ್. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಕೂಡ ಇದೇ ರೀತಿ ಸೀಮೆಎಣ್ಣೆಯಲ್ಲಿ ಉತ್ತಿತ್ತು.

ಡೀಸೆಲ್ ಇಂಜಿನಿಗೆ ಪ್ಲಗ್ ಇಲ್ಲ. ಗಾಳಿಯನ್ನು ಅಮುಕಿ ಅಮುಕಿ ಕೆಂಡದಂತೆ ಕಾಯಿಸಿ, ಅದರ ಮೇಲೆ ನಾಜಲ್ ಮೂಲಕ ಎಣ್ಣೆಯನ್ನು ಭಾರೀ ಒತ್ತಡದಲ್ಲಿ ಸಿಂಪಡಿಸಬೇಕು. ಆಗಲೇ ಅದು ತನ್ನಿಂದ ತಾನೇ ಉರಿಯುವುದು. ಆ ಒತ್ತಡ ಹುಟ್ಟಿಸುವುದು ಫ್ಯೂಯಲ್ ಪಂಪು. ಕತೆ ಕೆಡುವುದು ಇಲ್ಲಿಂದಲೇ.

ಪಂಪಿಗೆ ಡೀಸೆಲೇ ಗ್ರೀಸು

ಪಂಪಿನ ಒಳಗೆ ಪ್ಲಂಜರ್ ಎಂಬ ಸಣ್ಣ ಉಕ್ಕಿನ ಕಡ್ಡಿ, ಬ್ಯಾರೆಲ್ ಎಂಬ ಕೊಳವೆಯಲ್ಲಿ ಮೇಲೆ ಕೆಳಗೆ ಓಡುತ್ತಿರುತ್ತದೆ. ಇವೆರಡರ ನಡುವಿನ ಸಂದು ತಲೆಕೂದಲಿನ ದಪ್ಪದ ಹತ್ತನೇ ಒಂದು ಪಾಲೂ ಇಲ್ಲ. ಆ ಸಂದಿಗೆ ಬೇರೆ ಎಣ್ಣೆ ಬಿಡುವವರಿಲ್ಲ. ಹಾದು ಹೋಗುವ ಡೀಸೆಲೇ ಅದಕ್ಕೆ ಜಾರುಕ.

ಚಿಮಿಣಿ ಎಣ್ಣೆ ತೆಳು. ಬತ್ತಿಯಲ್ಲಿ ಸರಾಗ ಏರಲಿ ಎಂದೇ ಅದನ್ನು ಹಾಗೆ ಶುದ್ಧ ಮಾಡಿರುತ್ತಾರೆ. ದೀಪಕ್ಕೆ ಅದು ಗುಣ, ಪಂಪಿಗೆ ಅದೇ ದೋಷ. ಜಾರುಕ ಕಡಿಮೆಯಾಗಿ ಉಕ್ಕಿಗೆ ಉಕ್ಕು ಉಜ್ಜುತ್ತದೆ. ಸಂದು ಅಗಲವಾಗುತ್ತದೆ. ಒತ್ತಡ ಸೋರಿ ಹೋಗುತ್ತದೆ. ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಆದ ಟಿಲ್ಲರು ಮಧ್ಯಾಹ್ನ ಬಿಸಿಯಲ್ಲಿ ನಿಂತರೆ ಮತ್ತೆ ಏಳಲಿಕ್ಕೆ ಕೇಳುವುದಿಲ್ಲ. ಕೆಸರಿನಲ್ಲಿ ಎಳೆತ ಸಾಲುವುದಿಲ್ಲ. ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕಲು ಸುರು ಮಾಡಿದರೆ ಹೊಗೆಯೋ ಹೊಗೆ.

ಇನ್ನೊಂದು ಲೆಕ್ಕವನ್ನು ಅಂಗಡಿಯವರು ಬೇಗ ಹಿಡಿಯುತ್ತಾರೆ. ಚಿಮಿಣಿ ಎಣ್ಣೆ ಹಗುರ. ಒಂದು ಲೀಟರಿನಲ್ಲಿ ಡೀಸೆಲಿನಷ್ಟು ಶಕ್ತಿ ಇಲ್ಲ. ಅಷ್ಟೇ ಗದ್ದೆ ಉಳಲು ಹೆಚ್ಚು ಲೀಟರು ಬೇಕು. ಅಂದರೆ ತಕ್ಕಡಿಯಲ್ಲೇ ಒಂದಿಷ್ಟು ಉಳಿತಾಯ ಕರಗಿತು. ಉಳಿದದ್ದನ್ನು ಪಂಪ್ ರಿಪೇರಿ ನುಂಗುತ್ತದೆ. ಮೂಗಿಗಿಂತ ಮೂಗುತಿ ಭಾರ!

ತೆಳುವಾದರೆ ದಪ್ಪ ಮಾಡಿದರಾಯಿತು ಎಂದು ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಸೇರಿಸುವ ಪಂಡಿತರೂ ಇದ್ದಾರೆ. ಆ ಕಪ್ಪು ಎಣ್ಣೆಯಲ್ಲಿ ಲೋಹದ ಪುಡಿ, ಮಸಿ ತುಂಬಿರುತ್ತದೆ. ಫಿಲ್ಟರಿಗೂ ಸಿಗದ ನುಣುಪು ಪುಡಿ ನೇರ ಪಂಪಿಗೆ ಹೋಗಿ ಅರ ಉಜ್ಜಿದ ಹಾಗೆ ಉಜ್ಜುತ್ತದೆ.

ಹಳೇ ಟಿಲ್ಲರು ಇಷ್ಟಾದರೂ ತಡೆದೀತು. 2023ರ ಜನವರಿಯಿಂದ 50 ಅಶ್ವಶಕ್ತಿಗಿಂತ ದೊಡ್ಡ ಹೊಸ ಟ್ರ್ಯಾಕ್ಟರುಗಳಿಗೆ ಕಟ್ಟುನಿಟ್ಟಿನ ಹೊಗೆ ನಿಯಮ ಬಂದಿದೆ. ಅವುಗಳಲ್ಲಿ ಕಂಪ್ಯೂಟರ್ ಹಿಡಿತದ ಇಂಜೆಕ್ಟರುಗಳೇ ಹೆಚ್ಚು. ಅಂಥದ್ದಕ್ಕೆ ಚಿಮಿಣಿ ಎಣ್ಣೆ ಹಾಕಿದರೆ ರಿಪೇರಿ ಬಿಲ್ ನೋಡಿ ಬೆವರಬೇಕಾದೀತು.

ಆ ನೀಲಿ ಬಣ್ಣ ಯಾಕೆ?

ಈಗ ಬಡವನ ದೀಪದ ಮಾತು. ರೇಶನ್ ಅಂಗಡಿಯ ಚಿಮಿಣಿ ಎಣ್ಣೆಗೆ ನೀಲಿ ಬಣ್ಣ ಹಾಕಿದ್ದು ಚಂದಕ್ಕಲ್ಲ, ಕದ್ದರೆ ಗುರುತು ಸಿಗಲಿ ಎಂದು. 2010ರ ಜೂನ್‌ನಲ್ಲಿ 3 ರೂಪಾಯಿ ಏರಿದ ಮೇಲೂ ದಿಲ್ಲಿಯಲ್ಲಿ ರೇಶನ್ ಎಣ್ಣೆ ಲೀಟರಿಗೆ 12 ರೂಪಾಯಿ ಚಿಲ್ಲರೆ. ಡೀಸೆಲ್ 40ರ ಆಸುಪಾಸು. ಒಂದು ಲೀಟರ್ ಆಚೆ ಈಚೆ ಮಾಡಿದರೆ 27-28 ರೂಪಾಯಿ ಲಾಭ. ಅಷ್ಟು ಲಾಭ ಇದ್ದಲ್ಲಿ ಕಳ್ಳರು ಹುಟ್ಟದೆ ಇರುತ್ತಾರೆಯೇ? ಕಾರ್ಡು ಹಿಡಿದು ಕ್ಯೂ ನಿಂತವರಿಗೆ "ಸ್ಟಾಕ್ ಇಲ್ಲ", ಟ್ಯಾಂಕರಿಗೆ ಮಾತ್ರ ಧಾರಾಳ!

ಈ ದಂಧೆ ಜೀವಗಳನ್ನೂ ತೆಗೆದಿದೆ. ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದ ಎಸ್. ಮಂಜುನಾಥ್ ಇಂಡಿಯನ್ ಆಯಿಲ್ ಕಂಪೆನಿಯ ಯುವ ಅಧಿಕಾರಿ. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆಯ ಬಂಕಿಗೆ ಬೀಗ ಹಾಕಿದ ತಪ್ಪಿಗೆ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ಮಹಾರಾಷ್ಟ್ರದ ಮಾಲೇಗಾಂವ್‌ನ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆ ಅವರನ್ನು 2011ರ ಜನವರಿ 25ರಂದು ಮನ್ಮಾಡ್ ಬಳಿ ಎಣ್ಣೆ ಕಳ್ಳರು ಜೀವಂತ ಸುಟ್ಟರು. ಕ್ಯಾನಿನಲ್ಲಿ ನೀಲಿ ಎಣ್ಣೆ ತರುವಾಗ ಇದು ನೆನಪಿರಲಿ.

ಕಾನೂನೂ ಸುಮ್ಮನಿಲ್ಲ. 1993ರ ಸೀಮೆಎಣ್ಣೆ ಆದೇಶದಂತೆ ರೇಶನ್ ಎಣ್ಣೆಯನ್ನು ಅಡುಗೆ, ದೀಪ ಬಿಟ್ಟು ಬೇರೆಯದಕ್ಕೆ ಸುರಿಯುವ ಹಾಗಿಲ್ಲ. 1955ರ ಅವಶ್ಯಕ ವಸ್ತುಗಳ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು ಉಂಟು.

ಅಲ್ಲಿ ಕೆಂಪು

ಚಳಿ ದೇಶಗಳ ಕತೆ ಸ್ವಲ್ಪ ಬೇರೆ. ಅಮೆರಿಕದಲ್ಲಿ ಮನೆ ಬೆಚ್ಚಗಿಡುವ ಒಲೆಗೆ ಸುರಿಯುವ ಎಣ್ಣೆ ಹೆಚ್ಚುಕಡಿಮೆ ಡೀಸೆಲಿನ ಒಡಹುಟ್ಟು. ಅದಕ್ಕೆ ರಸ್ತೆ ತೆರಿಗೆ ಇಲ್ಲ, ಗುರುತಿಗೆ ಕೆಂಪು ಬಣ್ಣ. ಅಲ್ಲಿನ ಹಳೇ ಟ್ರ್ಯಾಕ್ಟರು ಆ ಎಣ್ಣೆಯಲ್ಲಿ ಹೊಲ ಉತ್ತರೆ ಇಂಜಿನಿಗೆ ದೊಡ್ಡ ಕೇಡೇನಿಲ್ಲ. ಕೆಂಪು ಎಣ್ಣೆ ಹಾಕಿದ ಲಾರಿ ಹೆದ್ದಾರಿಗೆ ಬಂದರೆ ದಂಡ. ಬ್ರಿಟನ್ನಿನಲ್ಲೂ ರೈತರಿಗೆ ಕಡಿಮೆ ತೆರಿಗೆಯ ಕೆಂಪು ಡೀಸೆಲ್ ಬೇರೆಯೇ ಇದೆ. ಅಲ್ಲಿನವರ ಮಾತು ಕೇಳಿ ಇಲ್ಲಿ ನೀಲಿ ಎಣ್ಣೆ ಸುರಿದರೆ ಲೆಕ್ಕ ತಪ್ಪುತ್ತದೆ. ಅವರದ್ದು ಡೀಸೆಲಿನ ತಮ್ಮ, ನಮ್ಮದು ದೀಪದ ಎಣ್ಣೆ.

ಗದ್ದೆಯವರು ಮಾಡಿದ ತಪ್ಪೇನು?

ಹಾಗಾದರೆ ನಮ್ಮ ಬೇಸಾಯಗಾರನಿಗೆ ಏನುಂಟು? ಗದ್ದೆಗಿಳಿಯುವ ಟಿಲ್ಲರಿಗೂ, ಶೋಕಿಗೆ ಓಡುವ ಕಾರಿಗೂ ಬಂಕಿನಲ್ಲಿ ಒಂದೇ ರೇಟು. ಕಡಲಿನ ಯಾಂತ್ರೀಕೃತ ದೋಣಿಗಳಿಗೆ ರಾಜ್ಯ ಸರಕಾರ ಡೀಸೆಲಿನ ಮಾರಾಟ ತೆರಿಗೆ ಬಿಟ್ಟು ಕೊಡುತ್ತ ಬಂದಿದೆ. ಕೊಡಬೇಕಾದ್ದೇ, ಯಾರ ತಕರಾರೂ ಇಲ್ಲ. ಆದರೆ ಮಲ್ಪೆಯಿಂದ ಮಣಿಪಾಲ, ಹಿರಿಯಡ್ಕ ದಾಟಿ ಪೆರ್ಡೂರಿಗೆ ಬರುವಷ್ಟರಲ್ಲಿ ಆ ಧಾರಾಳ ಬತ್ತಿ ಹೋಗುವುದು ಯಾಕೆ?

ಒಂದು ಪ್ರಯತ್ನ ಆಗದೆ ಇಲ್ಲ. 2022-23ರ ರಾಜ್ಯ ಬಜೆಟ್‌ನಲ್ಲಿ "ರೈತ ಶಕ್ತಿ" ಎಂಬ ಯೋಜನೆ ಬಂತು. ಡೀಸೆಲಿಗೆಂದು ಎಕರೆಗೆ 250 ರೂಪಾಯಿ, ಗರಿಷ್ಠ 5 ಎಕರೆಗೆ 1,250. ಆಗಿನ ರೇಟಿನಲ್ಲಿ 250 ರೂಪಾಯಿಗೆ ಮೂರು ಲೀಟರ್ ಕೂಡ ಬರಲಿಲ್ಲ. ತುಂಡು ಗದ್ದೆಗಳ ನಮ್ಮ ಊರಿನಲ್ಲಿ ಅರ್ಧ ಎಕರೆಯವನ ಪಾಲಿಗೆ ಬಿದ್ದದ್ದು 125!

ಚಿಮಿಣಿ ಎಣ್ಣೆಯ ಆಸೆಗೂ ಈಗ ಮೊದಲಿನ ಅರ್ಥ ಉಳಿದಿಲ್ಲ. 2020ರಿಂದ ಕೇಂದ್ರದ ಸಬ್ಸಿಡಿ ನಿಂತಿದೆ. ಗ್ಯಾಸ್ ಬಂದ ಮನೆಗೆ ರೇಶನ್ ಎಣ್ಣೆ ಸಿಗುವುದೂ ಅಪರೂಪ. ಹೀಗಿರುವಾಗ ನಿಜವಾದ ಉಳಿತಾಯ ಬೇರೆ ಕಡೆ ಹುಡುಕಬೇಕು. ಮಳೆಗೆ ಮೊದಲೇ ನಾಜಲ್ ತೋರಿಸಿ. ಏರ್ ಫಿಲ್ಟರ್ ತೊಳೆಯಿರಿ, ಡೀಸೆಲ್ ಫಿಲ್ಟರ್ ಬದಲಿಸಿ. ಟ್ಯಾಂಕಿನ ಅಡಿಯ ನೀರು ತೆಗೆಯಿರಿ. ಬದುವಿನಲ್ಲಿ ಚಾ ಕುಡಿಯುವಾಗ ಇಂಜಿನ್ ಬಂದ್ ಮಾಡಿ. ಬಂಕಿನ ಡೀಸೆಲ್ ಮೇಲೆ ಸಂಶಯ ಬಂದರೆ ಡೆನ್ಸಿಟಿ ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ. ಚಿಮಿಣಿ ಎಣ್ಣೆ ಹೆಚ್ಚಾಗಿ ಬೆರೆತರೆ ಆ ಅಂಕಿ ಕೆಳಗಿಳಿಯುತ್ತದೆ. ಕೇಳಲು ಸಂಕೋಚ ಬೇಡ.

ರೈತನಿಗೆ ಬುದ್ಧಿ ಹೇಳುವುದು ಸುಲಭ. ಅವನು ಅಡ್ಡದಾರಿ ಹುಡುಕುವುದು ನೇರ ದಾರಿಯಲ್ಲಿ ಗಿಟ್ಟದಿದ್ದಾಗ. ದೋಣಿಗೆ ಕೊಟ್ಟ ಹಾಗೆ ಗದ್ದೆಯ ಡೀಸೆಲಿಗೂ ಒಂದು ಲೆಕ್ಕ ಹಾಕಿ ತೆರಿಗೆ ಇಳಿಸಿದರೆ ನಾಳೆ ಹಡಿಲು ಬೀಳುವ ಗದ್ದೆಗಳಲ್ಲಿ ಕೆಲವಾದರೂ ಉಳಿದಾವು. ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?